ಪಂಪ್‌ಸೆಟ್ಟಿನ ಸೆಟ್ಟೇ ಬೇರೆ

ಓದುಗರು ಕೇಳಿದ್ದು, ಮೇಡಂ ಹೇಳಿದ್ದು

ಹೋದ ಸಂಚಿಕೆಯಲ್ಲಿ ಅಫಜಲಪುರದ ರೈತರೊಬ್ಬರ ಪ್ರಶ್ನೆಯನ್ನು ಜಾಗ ಸಾಲದೆ ಉಳಿಸಿಕೊಂಡಿದ್ದೆ. ಇಂಗ್ಲಿಷಿನ 'ಸೆಟ್' ಎಂಬ ಪದದ ಬಗ್ಗೆ ಅವರು ಕೇಳಿದ್ದರು. ಅಷ್ಟು ಹೇಳಿದ್ದೇ ತಡ, ಓದುಗರೆಲ್ಲ ತಮ್ಮ ತಮ್ಮ ಮನೆಯ ಸೆಟ್ಟು ಹಿಡಿದುಕೊಂಡು ಬಂದಿದ್ದಾರೆ. ಗೌಂಡಿ ಬಂದಿದ್ದಾರೆ, ಕೋರ್ಟಿನ ಕಾಗದ ಹಿಡಿದವರು ಬಂದಿದ್ದಾರೆ, ದೋಸೆಯ ಜಗಳ ತಂದವರೂ ಇದ್ದಾರೆ. ಹಾಗಾಗಿ ಈ ತಿಂಗಳು ಪೂರ್ತಿ ಸೆಟ್. 'ಹ್ಯಾಡ್ ಬೀನ್' ಕೇಳಿದವರು ಮುಂದಿನ ತಿಂಗಳು ಬನ್ನಿ.

ಪ್ರಶ್ನೆ: ಮೇಡಂ, ನಮ್ಮ ಹೊಲದಲ್ಲಿ ಪಂಪ್‌ಸೆಟ್ ಇದೆ. ನಮ್ಮ ಭಾಗದ ಕರೆಂಟ್ ಕಂಪನಿ ಜೆಸ್ಕಾಂನವರು ಅದನ್ನು ಐಪಿ ಸೆಟ್ ಅಂತ ಬರೆಯುತ್ತಾರೆ. ಮಗಳ ಪುಸ್ತಕದಲ್ಲಿ ನೋಡಿದರೆ ಸನ್‌ಸೆಟ್ ಅಂದ್ರೆ ಸೂರ್ಯ ಮುಳುಗುವುದು. ನಮ್ಮ ಪಂಪೂ ಬೋರಿನ ನೀರಲ್ಲಿ ಮುಳುಗಿರುತ್ತದೆ, ಅದಕ್ಕೇ ಸೆಟ್ ಅಂತಾರಾ? (ಅಫಜಲಪುರ)

ಉತ್ತರ: ಪತ್ರ ಓದಿ ಜೋರಾಗಿ ನಕ್ಕೆ ಸಾಹೇಬ್ರೆ. ಸಬ್‌ಮರ್ಸಿಬಲ್ ಪಂಪಿನ ಮಟ್ಟಿಗೆ ನಿಮ್ಮ ಲೆಕ್ಕ ಚೆನ್ನಾಗಿಯೇ ಕೂಡಿದೆ. ಆದರೆ ಬಾವಿಯ ದಂಡೆಯ ಮೇಲೆ ಇಟ್ಟಿರುವ ಪಂಪಿಗೂ ಪಂಪ್‌ಸೆಟ್ ಅಂತಲೇ ಹೇಳುತ್ತೇವೆ, ಅದು ಎಲ್ಲಿ ಮುಳುಗಿದೆ?

ಪಂಪು ಒಂದೇ ಇದ್ದರೆ ನೀರು ಬರುವುದಿಲ್ಲ, ಮೋಟರ್ ಒಂದೇ ಇದ್ದರೂ ಬರುವುದಿಲ್ಲ. ಎರಡನ್ನೂ ಜೋಡಿಸಿದಾಗ ಅದು ಸೆಟ್. ಐಪಿ ಅಂದರೆ ಇರಿಗೇಷನ್ ಪಂಪ್. 10 ಎಚ್‌ಪಿವರೆಗಿನ ಐಪಿ ಸೆಟ್ಟಿಗೆ ಕರೆಂಟ್ ಉಚಿತ ಅನ್ನುವಾಗ ಸರ್ಕಾರ ಹೇಳುವುದು ಈ ಜೋಡಿಯ ಬಗ್ಗೆ. ಮದುವೆ ಮನೆಯ ಹಿಂದೆ ಗುರುಗುಟ್ಟುವ ಜೆನ್‌ಸೆಟ್ ಕೂಡ ಹಾಗೇ. ಅದರಲ್ಲಿ ಡೀಸೆಲ್ ಎಂಜಿನ್ ಒಂದು, ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಒಂದು. ರೇಡಿಯೋಗೆ ಸೆಟ್ ಅಂತ ಹೆಸರು ಬಂದ ಕಾಲದಲ್ಲಿ ರಿಸೀವರ್, ಬ್ಯಾಟರಿ, ಸ್ಪೀಕರ್ ಎಲ್ಲ ಬೇರೆ ಬೇರೆ ಡಬ್ಬಿಗಳಲ್ಲಿ ಇರುತ್ತಿದ್ದವು. ಅವನ್ನು ತಂತಿಯಿಂದ ಜೋಡಿಸಿಕೊಳ್ಳಬೇಕಿತ್ತು. ಆಮೇಲೆ ಎಲ್ಲವೂ ಒಂದೇ ಪೆಟ್ಟಿಗೆಗೆ ಬಂತು, ಹೆಸರು ಮಾತ್ರ ಉಳಿಯಿತು. ಟಿವಿ ಸೆಟ್ ಆಯಿತು. ಈಗ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಕಡೆ ಹುಡುಗರು 'ಹೊಸ ಸೆಟ್ ತಗೊಂಡೆ' ಅಂದರೆ ಮೊಬೈಲ್ ಅಂತ ಅರ್ಥ.

ಸನ್‌ಸೆಟ್‌ನ ಸೆಟ್ ಮಾತ್ರ ಇದಲ್ಲ. ಅದು ಬೇರೆ ಮನೆತನದ್ದು. ಇಂಗ್ಲಿಷಿನಲ್ಲಿ 'ಸಿಟ್' ಅಂದರೆ ಕೂಡು, ಕುಳಿತುಕೋ. ಬೇರೆಯವರನ್ನು ಅಥವಾ ಬೇರೆಯದನ್ನು ಕೂಡುವಂತೆ ಮಾಡುವುದು 'ಸೆಟ್'. ಹಳೆಯ ಇಂಗ್ಲಿಷಿನಲ್ಲಿ ಇದು 'ಸೆಟ್ಟನ್' ಆಗಿತ್ತು. ಸರಾಫ್ ಬಜಾರಿನಲ್ಲಿ ಉಂಗುರಕ್ಕೆ ಹರಳು ಕೂಡಿಸುತ್ತಾರಲ್ಲ, ಇಂಗ್ಲಿಷಿನವರೂ ಹರಳನ್ನು ಸೆಟ್ ಮಾಡುತ್ತಾರೆ. ಗಡಿಯಾರ ಸೆಟ್ ಮಾಡುವುದು, ಬಲೆ ಸೆಟ್ ಮಾಡುವುದು, ಪ್ರಶ್ನೆಪತ್ರಿಕೆ ಸೆಟ್ ಮಾಡುವುದು ಎಲ್ಲ ಈ ಮನೆಯವು. ಸೂರ್ಯನೂ ದಿನವಿಡೀ ತಿರುಗಿ ಸಂಜೆ ಕೆಳಗೆ ಹೋಗಿ ಕೂಡುತ್ತಾನೆ.

ಪಂಪ್‌ಸೆಟ್‌ನ ಸೆಟ್ ಇರುವುದು ಗುಂಪು, ಕೂಟ ಎಂಬ ಅರ್ಥದಲ್ಲಿ. ಅದು ಹಳೆಯ ಫ್ರೆಂಚ್ ಭಾಷೆಯ 'ಸೆಟ್' ಎಂಬ ಪದದಿಂದ ಬಂತು. ಅದರ ಮೂಲ ಲ್ಯಾಟಿನ್ನಿನ 'ಸೆಕ್ಟಾ', ಅಂದರೆ ಒಬ್ಬರ ಹಿಂದೆ ಹೋಗುವ ಜನ, ಒಂದು ಪಂಥ. ಇಂಗ್ಲಿಷಿನಲ್ಲಿ ಪಂಥಕ್ಕೆ 'ಸೆಕ್ಟ್' ಅನ್ನುತ್ತಾರಲ್ಲ, ಅದೂ ಇದೇ. ಎರಡು ಪದಗಳು ಎರಡು ದಾರಿಯಲ್ಲಿ ಬಂದು ಒಂದೇ ಉಚ್ಚಾರಕ್ಕೆ ಸಿಕ್ಕಿಬಿದ್ದವು. ಆಮೇಲೆ ಒಂದರ ಅರ್ಥ ಇನ್ನೊಂದಕ್ಕೂ ಸ್ವಲ್ಪ ಅಂಟಿಕೊಂಡಿತು.

ಇದೇನು ವಿಚಿತ್ರ ಅನ್ನಬೇಡಿ. ನಾವು ಚೌತಿಗೆ ಗಣಪತಿ ಕೂಡಿಸುತ್ತೇವೆ, ಕಿರಾಣಿ ಅಂಗಡಿಯಲ್ಲಿ ಲೆಕ್ಕ ಕೂಡಿಸುತ್ತೇವೆ. ಮೊದಲನೆಯದು ಕೂಡ್ರಿಸು, ಅಂದರೆ ಕುಳ್ಳಿರಿಸು. ಎರಡನೆಯದು ಸೇರಿಸು. ಬಾಯಲ್ಲಿ ಸವೆದು ಎರಡೂ ಒಂದಾಗಿವೆ. ಇಂಗ್ಲಿಷಿನ ಸೆಟ್‌ಗಿರುವ ಎರಡು ದೊಡ್ಡ ಅರ್ಥಗಳೂ ಇವೇ ನೋಡಿ: ಕುಳ್ಳಿರಿಸುವುದು, ಒಟ್ಟು ಸೇರಿಸುವುದು. ನಮ್ಮ ಭಾಗದ 'ಕೂಡಿಸು' ಎರಡನ್ನೂ ಹೊತ್ತುಕೊಂಡಿದೆ. ಬೆಂಗಳೂರಿನವರಿಗೆ ಈ ಅನುಕೂಲ ಇಲ್ಲ, ಅವರು ಗಣಪತಿಯನ್ನು 'ಕೂರಿಸುತ್ತಾರೆ'.

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿ. ಸೆಟ್ ಪದಕ್ಕೆ ನೂರಾರು ಅರ್ಥ ಇವೆ ಅಂತ ನಮ್ಮ ಲೆಕ್ಚರರ್ ಹೇಳಿದರು. ನಿಜವೇ? ಎಲ್ಲ ಬಾಯಿಪಾಠ ಮಾಡಬೇಕಾ? (ಸೇಡಂ)

ಉತ್ತರ: ನಿಜ. ಬಾಯಿಪಾಠ ಬೇಡ.

ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಅಂತ ಒಂದು ಮಹಾ ನಿಘಂಟು ಇದೆ. ಅದರ ಮೊದಲ ಕಂತು 1884ರಲ್ಲಿ ಬಂತು, ಕೊನೆಯದು 1928ರಲ್ಲಿ. ಅಷ್ಟು ವರ್ಷ ಹಿಡಿಯಿತು. 1989ರ ಎರಡನೇ ಆವೃತ್ತಿಗೆ 20 ಸಂಪುಟ. ಅದರಲ್ಲಿ ಎಲ್ಲಕ್ಕಿಂತ ಉದ್ದವಾದ ನಮೂದು ಸೆಟ್‌ನದೇ. ಸುಮಾರು 430 ಅರ್ಥಗಳು, ಅವನ್ನು ವಿವರಿಸಲು ಸುಮಾರು 60,000 ಪದಗಳು. ಒಂದು ಪದದ ಬಗ್ಗೆಯೇ ಒಂದು ಪುಸ್ತಕದಷ್ಟು ಬರೆದಂತಾಯಿತು.

ಈಗ ಆ ಪಟ್ಟ ಹೋಗಿದೆ. ಮೂರನೇ ಆವೃತ್ತಿಯ ಕೆಲಸದಲ್ಲಿ 'ರನ್' ಮುಂದೆ ಬಂತು. ಕ್ರಿಯಾಪದವಾಗಿ ಮಾತ್ರ ಅದಕ್ಕೆ 645 ಅರ್ಥ ಅಂತ 2011ರಲ್ಲಿ ಸುದ್ದಿಯಾಗಿತ್ತು. ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಆ ಒಂದು ಪದದ ಮೇಲೆ 9 ತಿಂಗಳು ಕೂತಿದ್ದರು. ರೈಲು, ಕಾರ್ಖಾನೆ, ಕಂಪ್ಯೂಟರ್ ಬಂದ ಮೇಲೆ ಎಲ್ಲವೂ 'ರನ್' ಆಗತೊಡಗಿತಲ್ಲ, ಅರ್ಥಗಳು ಬೆಳೆದವು. ನನಗೆ ಸೆಟ್ ಸೋತಿದ್ದಕ್ಕೆ ಸ್ವಲ್ಪ ಬೇಜಾರೇ ಆಯಿತು.

ಬಾಯಿಪಾಠ ಯಾಕೆ ಬೇಡ ಅಂದರೆ, ನಿಮ್ಮ ಮನೆಯಲ್ಲಿ ಯಾರೂ 'ಹತ್ತು' ಪದದ ಅರ್ಥಗಳನ್ನು ಪಟ್ಟಿ ಮಾಡಿ ಕಲಿತಿಲ್ಲ. ಬಸ್ಸು ಹತ್ತುತ್ತೀರಿ. ಬೆಂಕಿ ಹತ್ತುತ್ತದೆ, ನಿದ್ದೆ ಹತ್ತುತ್ತದೆ, ಮಳೆ ಹತ್ತುತ್ತದೆ. ಅನ್ನ ತಳ ಹತ್ತುತ್ತದೆ. ಮಗು ಅಳಲಿಕ್ಕೆ ಹತ್ತುತ್ತದೆ. ಜೊತೆಗೆ ಒಂಬತ್ತರ ನಂತರದ ಹತ್ತು ಬೇರೆ ಇದೆ. ಹಳಗನ್ನಡದಲ್ಲಿ ಆ ಸಂಖ್ಯೆಯೂ 'ಪತ್ತು', ಈ ಕ್ರಿಯಾಪದವೂ 'ಪತ್ತು'. ಆದರೂ 'ಹತ್ತು ರೂಪಾಯಿ ಕೊಡು' ಅಂದಾಗ ಯಾರೂ ರೂಪಾಯಿಯ ಮೇಲೆ ಹತ್ತುವುದಿಲ್ಲ.

ಇನ್ನೊಂದು ನೋಡಿ. ದೀಪ ಹತ್ತುತ್ತದೆ, ನಾವು ಹಚ್ಚುತ್ತೇವೆ. ಹತ್ತುವುದು ತಾನಾಗಿ, ಹಚ್ಚುವುದು ಇನ್ನೊಬ್ಬರು. ಇಂಗ್ಲಿಷಿನ ಸಿಟ್ ಮತ್ತು ಸೆಟ್ ಇರುವುದೂ ಹೀಗೇ. ಫಾಲ್ ಅಂದರೆ ಬೀಳು, ಫೆಲ್ ಅಂದರೆ ಮರವನ್ನು ಬೀಳಿಸು. ಲೈ ಅಂದರೆ ಮಲಗು, ಲೇ ಅಂದರೆ ಮಲಗಿಸು, ಇಡು. ರೈಸ್ ಅಂದರೆ ಏಳು, ರೇಜ್ ಅಂದರೆ ಎಬ್ಬಿಸು, ಎತ್ತು. ಈ ಜೋಡಿಗಳನ್ನು ಒಟ್ಟಿಗೆ ನೋಡಿದರೆ ಪರೀಕ್ಷೆಯಲ್ಲಿ ಲೈ, ಲೇ ಗೊಂದಲವೂ ಹೋಗುತ್ತದೆ. ಅದು ಲಾಭದ ಮಾತು.

ಕಲಿಯುವ ದಾರಿ ಒಂದೇ. ಸೆಟ್ ಕಂಡ ತಕ್ಷಣ ಅದನ್ನು ಬಿಟ್ಟು ಅದರ ಪಕ್ಕದಲ್ಲಿ ಯಾರಿದ್ದಾರೆ ನೋಡಿ. ಪಕ್ಕದಲ್ಲಿ 'ಅಪ್' ಇದ್ದರೆ ಸ್ಥಾಪಿಸು. 'ಔಟ್' ಅಥವಾ 'ಆಫ್' ಇದ್ದರೆ ಹೊರಡು. 'ಇನ್' ಇದ್ದರೆ ಶುರುವಾಗಿ ನೆಲೆಯೂರು, ಮಳೆಗಾಲ ಸೆಟ್ ಇನ್ ಆಗುವ ಹಾಗೆ. 'ಬ್ಯಾಕ್' ಇದ್ದರೆ ಹಿನ್ನಡೆ. ದಿನಕ್ಕೊಂದು ವಾಕ್ಯ ನೀವೇ ಬರೆಯಿರಿ, ಸಾಕು. ಮತ್ತೆ ಒಂದು ಸಂತೋಷದ ಸುದ್ದಿ. ಈ ಪದ ಭೂತಕಾಲದಲ್ಲೂ ಸೆಟ್ಟೇ. 'ಸೆಟ್ಟೆಡ್' ಅಂತ ಬರೆದ ಎಷ್ಟೋ ಉತ್ತರಪತ್ರಿಕೆಗಳಿಗೆ ನಾನು ಕೆಂಪು ಗೆರೆ ಎಳೆದಿದ್ದೇನೆ.

ಪ್ರಶ್ನೆ: ನಾನು ಗೌಂಡಿ ಕೆಲಸ ಮಾಡುತ್ತೇನೆ. ಸ್ಲ್ಯಾಬ್ ಹಾಕುವಾಗ ಎಂಜಿನಿಯರ್ 'ಇನಿಷಿಯಲ್ ಸೆಟ್ ಆಗುವ ಮುಂಚೆ ಮುಗಿಸು' ಅಂತಾರೆ. ಆಮೇಲೆ 'ಫೈನಲ್ ಸೆಟ್' ಅಂತಾರೆ. ಒಣಗುವುದಕ್ಕೆ ಇಷ್ಟು ಹೆಸರು ಯಾಕೆ? (ವಾಡಿ)

ಉತ್ತರ: ಅಣ್ಣಾ, ಸಿಮೆಂಟ್ ಒಣಗುವುದಿಲ್ಲ. ಅಲ್ಲೇ ಇರುವುದು ವಿಷಯ.

ನಿಮ್ಮ ಊರು, ಶಹಾಬಾದ್, ಸೇಡಂ, ಮಳಖೇಡ ಸುತ್ತ ನೆಲದಡಿ ಸುಣ್ಣಕಲ್ಲು ತುಂಬಿದೆ. ಅದಕ್ಕೇ ಅಲ್ಲಿ ಸಿಮೆಂಟ್ ಕಾರ್ಖಾನೆಗಳು, ಅದಕ್ಕೇ ನಮ್ಮೆಲ್ಲರ ಮನೆಯ ನೆಲದಲ್ಲಿ ಶಹಾಬಾದ್ ಫರಸಿ. ಅಂಥ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ತಮ್ಮ ಕೆಲಸ ಮಾಡಿದವನು. 'ಒಣಗಿತು' ಅಂದರೆ ಈಗಲೂ ರೇಗುತ್ತಾನೆ. ಸಿಮೆಂಟು ನೀರಿನ ಜೊತೆ ರಾಸಾಯನಿಕವಾಗಿ ಸೇರಿ ಗಟ್ಟಿಯಾಗುತ್ತದೆ. ನೀರಿನೊಳಗೆ ಇಟ್ಟರೂ ಗಟ್ಟಿಯಾಗುತ್ತದೆ. ಒಣಗುವುದೇ ಆಗಿದ್ದರೆ ಸೇತುವೆಯ ಕಂಬ ಹೊಳೆಯಲ್ಲಿ ಹೇಗೆ ನಿಲ್ಲುತ್ತಿತ್ತು?

ಕಲಸಿದ ಮಾಲು ಮೊದಲು ಮೆತ್ತಗಿರುತ್ತದೆ, ಕರಣೆ ಹೇಳಿದ ಹಾಗೆ ಕೇಳುತ್ತದೆ. ಸ್ವಲ್ಪ ಹೊತ್ತಿಗೆ ಬಿಗಿಯಲು ಶುರುವಾಗುತ್ತದೆ. ಅದು ಇನಿಷಿಯಲ್ ಸೆಟ್. ಆಮೇಲೆ ಪೂರ್ತಿ ಬಿಗಿದು ಕೂಡುತ್ತದೆ, ಅದು ಫೈನಲ್ ಸೆಟ್. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ನಮ್ಮ ದೇಶದ ಮಾನಕ ಏನು ಹೇಳುತ್ತದೆ ಅಂದರೆ, ಇನಿಷಿಯಲ್ ಸೆಟ್ 30 ನಿಮಿಷಕ್ಕಿಂತ ಮೊದಲು ಆಗಬಾರದು, ಫೈನಲ್ ಸೆಟ್ 600 ನಿಮಿಷ ದಾಟಬಾರದು. ಲ್ಯಾಬಿನಲ್ಲಿ ಇದನ್ನು ನೋಡಲು ವಿಕಾ ಸೂಜಿ ಅಂತ ಒಂದು ಸಾಧನ ಇದೆ, ಲೂಯಿ ವಿಕಾ ಎಂಬ ಫ್ರೆಂಚ್ ಎಂಜಿನಿಯರ್ ಹೆಸರಿನದು. 40 ಮಿಲಿಮೀಟರ್ ಎತ್ತರದ ಅಚ್ಚಿನಲ್ಲಿ ಸಿಮೆಂಟ್ ಪೇಸ್ಟ್ ತುಂಬಿ ಮೇಲಿಂದ ಸೂಜಿ ಬಿಡುತ್ತಾರೆ. ಮೊದಮೊದಲು ತಳಕ್ಕೇ ಹೋಗುತ್ತದೆ. ತಳಕ್ಕೆ ಸುಮಾರು 5 ಮಿಲಿಮೀಟರ್ ಇರುವಾಗ ನಿಂತಿತು ಅಂದರೆ ಇನಿಷಿಯಲ್ ಸೆಟ್ ಆಯಿತು.

ಕಾರ್ಖಾನೆಯಲ್ಲಿ ಕ್ಲಿಂಕರ್, ಅಂದರೆ ಕುಲುಮೆಯಲ್ಲಿ ಸುಟ್ಟು ಬಂದ ಉಂಡೆಗಳನ್ನು, ಅರೆಯುವಾಗ ಸ್ವಲ್ಪ ಜಿಪ್ಸಮ್ ಸೇರಿಸುವುದೂ ಈ ಸೆಟ್ಟಿಗಾಗಿಯೇ. ಅದಿಲ್ಲದಿದ್ದರೆ ನೀರು ಬಿದ್ದ ಕೂಡಲೇ ಬಿಗಿದುಬಿಡುತ್ತದೆ. ಬುಟ್ಟಿ ಎತ್ತಿ ಮೇಲೆ ಕೊಡುವಷ್ಟೂ ಸಮಯ ಸಿಗುವುದಿಲ್ಲ.

ನಮ್ಮ ಕಡೆಯ ಬಿಸಿಲು ನಿಮಗೆ ಹೇಳಿಕೊಡಬೇಕಾಗಿಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಬಿಸಿ ಜಾಸ್ತಿ ಆದಷ್ಟೂ ಸೆಟ್ ಬೇಗ ಆಗುತ್ತದೆ. ಅದಕ್ಕೇ ಎಂಜಿನಿಯರ್ ಅವಸರ ಮಾಡುವುದು. ಬಿಗಿಯಲು ಶುರುವಾದ ಮಾಲಿಗೆ ಮತ್ತೆ ನೀರು ಹಾಕಿ ಕಲಸುತ್ತಾರೆ ನೋಡಿ, ಅದು ಬೇಡ. ಮೆತ್ತಗಾಗುತ್ತದೆ, ಆದರೆ ಬಲ ಹೋಗುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳಿ.

ಸೆಟ್ ಆಯಿತು ಅಂದರೆ ಬಲ ಬಂತು ಅಂತಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ಹಾರ್ಡನಿಂಗ್ ಅಂತ ಬೇರೆ ಪದವೇ ಇದೆ. ಅದು ದಿನಗಟ್ಟಲೆ ನಡೆಯುತ್ತದೆ. ಕಾಂಕ್ರೀಟಿನ ಬಲವನ್ನು 28 ದಿನಕ್ಕೆ ಪರೀಕ್ಷೆ ಮಾಡುವುದು ಅದಕ್ಕೇ. ಅಷ್ಟರವರೆಗೂ ಅದಕ್ಕೆ ನೀರಿನ ಹಸಿವು ಇರುತ್ತದೆ. ಕ್ಯೂರಿಂಗ್, ಅಂದರೆ ನೀರುಣಿಸುವುದು, ಕನಿಷ್ಠ 7 ದಿನ, ಬಿಸಿಲಿದ್ದರೆ ಅಥವಾ ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಾದರೆ ಕನಿಷ್ಠ 10 ದಿನ. ಮನೆಯ ಯಜಮಾನರು ಟ್ಯಾಂಕರ್ ದುಡ್ಡು ಉಳಿಸಲು ಮೂರೇ ದಿನಕ್ಕೆ ನಿಲ್ಲಿಸಿದರೆ ಈ ಪುಟ ತೋರಿಸಿ.

ಪ್ರಶ್ನೆ: ಕೆ-ಸೆಟ್ ಪರೀಕ್ಷೆಯ ಸೆಟ್ ಯಾವ ಅರ್ಥದ್ದು? (ಬೀದರ್)

ಉತ್ತರ: ಯಾವುದೂ ಅಲ್ಲ. ಅದು ಸ್ಟೇಟ್ ಎಲಿಜಿಬಿಲಿಟಿ ಟೆಸ್ಟ್ ಎಂಬುದರ ಮೊದಲಕ್ಷರಗಳು, ಮುಂದಿನ 'ಕೆ' ಕರ್ನಾಟಕ. ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಬೇಕಾದ ಅರ್ಹತೆ. ಮೊದಲು ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿತ್ತು, ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುತ್ತದೆ. ಪಾಸಾದರೆ ಲೈಫ್ ಸೆಟ್ ಅಂತ ಬರೆದಿದ್ದೀರಿ. ಅರ್ಹತೆ ಸಿಗುತ್ತದೆ, ನೌಕರಿ ಬೇರೆ ಕಥೆ. ಆದರೂ ಓದಿ.

ಪ್ರಶ್ನೆ: ನಮ್ಮ ಹೊಲದ ಕೇಸಿನಲ್ಲಿ ಕೆಳಗಿನ ಕೋರ್ಟು ನಮ್ಮ ವಿರುದ್ಧ ತೀರ್ಪು ಕೊಟ್ಟಿತ್ತು. ಅಪೀಲು ಹೋದೆವು. ಈಗ ಬಂದ ಆದೇಶದಲ್ಲಿ ಕೆಳಗಿನ ತೀರ್ಪು 'ಸೆಟ್ ಅಸೈಡ್' ಅಂತ ಇದೆ. ಬದಿಗೆ ಇಟ್ಟಿದ್ದಾರೆ, ಆಮೇಲೆ ನೋಡುತ್ತಾರೆ ಅಂತ ನಮ್ಮ ತಮ್ಮ ಹೇಳುತ್ತಾನೆ. ಇನ್ನೆಷ್ಟು ದಿನ ಕಾಯಬೇಕು? (ಜೇವರ್ಗಿ)

ಉತ್ತರ: ಯಜಮಾನರೇ, ಒಳ್ಳೆಯ ಸುದ್ದಿಯನ್ನು ಟ್ರಂಕಿನಲ್ಲಿ ಇಟ್ಟುಕೊಂಡು ಮುಖ ಸಣ್ಣ ಮಾಡಿಕೊಂಡಿದ್ದೀರಿ. ಕೋರ್ಟಿನ ಭಾಷೆಯಲ್ಲಿ ಸೆಟ್ ಅಸೈಡ್ ಅಂದರೆ ರದ್ದು. ನಿಮ್ಮ ವಿರುದ್ಧ ಬಂದಿದ್ದ ತೀರ್ಪು ಈಗ ಇಲ್ಲ.

ತಮ್ಮನ ಅರ್ಥವೂ ಇಂಗ್ಲಿಷಿನಲ್ಲಿ ಇದೆ. ಅಡುಗೆ ಪುಸ್ತಕದಲ್ಲಿ 'ಹಿಟ್ಟು ಕಲಸಿ ಸೆಟ್ ಅಸೈಡ್' ಅಂದರೆ ಬದಿಗಿಡು. ಬಜೆಟ್ಟಿನಲ್ಲಿ ಇಷ್ಟು ಕೋಟಿ ಸೆಟ್ ಅಸೈಡ್ ಅಂದರೆ ಎತ್ತಿಟ್ಟಿದ್ದಾರೆ, ಮೀಸಲಿಟ್ಟಿದ್ದಾರೆ. ಅಡುಗೆಮನೆಯಲ್ಲಿ ಉಳಿಸಿಕೊಳ್ಳುವುದು, ಕೋರ್ಟಿನಲ್ಲಿ ತೆಗೆದುಹಾಕುವುದು. ಒಂದೇ ಮಾತು, ಫಲ ಪೂರ್ತಿ ಉಲ್ಟಾ. ಜನರ ಜಮೀನು, ಜೀವನ ನಿಂತಿರುವ ಕಾಗದದಲ್ಲಿ ಇಂಥ ಮಾತು ಬಳಸಿ, ಅದರ ಕೆಳಗೆ ಕನ್ನಡದಲ್ಲಿ ಒಂದು ಸಾಲು ಬರೆಯದೇ ಇರುವುದು ನನಗೆ ಸರಿ ಕಾಣುವುದಿಲ್ಲ. ಹೈಕೋರ್ಟ್ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಕಲಬುರಗಿಗೆ ಬಂತು, 2013ರಲ್ಲಿ ಕಾಯಂ ಆಯಿತು. ಬೆಂಗಳೂರಿಗೆ ಓಡಾಡುವುದು ತಪ್ಪಿತು. ಭಾಷೆಯ ದೂರ ಇನ್ನೂ ಹಾಗೇ ಇದೆ.

ಈಗ ಕೆಲಸಕ್ಕೆ ಬರುವ ಮಾತು. ಸೆಟ್ ಅಸೈಡ್ ಅಂತ ಇರುವುದರ ಮುಂದಿನ ಸಾಲು ಓದಿ. ಅಲ್ಲಿ 'ರಿಮ್ಯಾಂಡ್' ಅಂತ ಇದ್ದರೆ ಕೇಸನ್ನು ಮತ್ತೆ ಕೆಳಗಿನ ಕೋರ್ಟಿಗೆ ಕಳಿಸಿದ್ದಾರೆ, ಅಲ್ಲಿ ಮತ್ತೆ ವಿಚಾರಣೆ ನಡೆಯುತ್ತದೆ, ನೀವು ಹಾಜರಾಗಬೇಕು. 'ಅಪೀಲ್ ಅಲೌಡ್' ಅಂತ ಇದ್ದರೆ ನಿಮ್ಮ ಅಪೀಲು ಒಪ್ಪಿದ್ದಾರೆ. 'ಸ್ಟೇ' ಬೇರೆ, ಅದು ಬರೀ ತಾತ್ಕಾಲಿಕ ತಡೆ. ಯಾವುದಕ್ಕೂ ವಕೀಲರ ಬಳಿ ಹೋಗಿ ಕೂತು ಕನ್ನಡದಲ್ಲಿ ಹೇಳಿಸಿಕೊಳ್ಳಿ. ಫೀಸು ಕೊಟ್ಟಿದ್ದೀರಿ, ಕೇಳುವುದಕ್ಕೆ ಸಂಕೋಚ ಬೇಡ.

ಇದರ ಪಕ್ಕದಲ್ಲೇ 'ಸೆಟ್ ಆಫ್' ಅಂತ ಒಂದು ಇದೆ, ಅದೂ ಕೋರ್ಟಿನಲ್ಲಿ ಬರುತ್ತದೆ. ವಿಚಾರಣೆ ನಡೆಯುವಾಗ ಜೈಲಿನಲ್ಲಿ ಕಳೆದ ದಿನಗಳನ್ನು ಶಿಕ್ಷೆಯ ಅವಧಿಯಲ್ಲಿ ವಜಾ ಮಾಡುವುದು. ನಾನು ಸೇಡಂ ಹುಡುಗನಿಗೆ ಸೆಟ್ ಆಫ್ ಅಂದರೆ ಹೊರಡು ಅಂತ ಹೇಳಿದೆನಲ್ಲ, ಆ ಅರ್ಥವನ್ನು ಇಲ್ಲಿಗೆ ತರಬೇಡಿ.

ಪ್ರಶ್ನೆ: ನಾವು ಊರಲ್ಲಿ ವಾಲಿಬಾಲ್ ಆಡುತ್ತೇವೆ. ಮೂರು ಸೆಟ್ ಗೆದ್ದೆವು ಅಂತೀವಿ, ಚೆಂಡು ಎತ್ತಿ ಕೊಡುವವನಿಗೂ ಸೆಟರ್ ಅಂತೀವಿ. ಅವನು ಸೆಟ್ ಗೆಲ್ಲಿಸುತ್ತಾನೆ ಅಂತಲೇ ಆ ಹೆಸರು ಬಂತಾ? (ಸುರಪುರ)

ಉತ್ತರ: ಅವನು ಕೇಳಿದರೆ ಹೌದು ಅಂತಲೇ ಹೇಳಿ, ಖುಷಿಯಾಗಲಿ. ಆದರೆ ಇವು ಎರಡೂ ಬೇರೆ ಅರ್ಥಗಳು, ಒಂದೇ ಅಂಗಳದಲ್ಲಿ ಆಡುತ್ತಿವೆ. ಆಟದ ಸೆಟ್ ಒಂದು ಘಟ್ಟ. 25 ಪಾಯಿಂಟ್, ಎರಡರ ಅಂತರ ಇರಬೇಕು, ಐದನೆಯದಕ್ಕೆ ಹೋದರೆ 15. ಸೆಟರ್ ಮಾಡುವ ಸೆಟ್ ಅಂದರೆ ಸ್ಮ್ಯಾಶ್ ಹೊಡೆಯುವವನ ಕೈಗೆ ಸರಿಯಾಗುವ ಹಾಗೆ ಚೆಂಡನ್ನು ನೆಟ್ಟಿನ ಮೇಲೆ ಇಡುವುದು. ಹಿಂದೆ ನಮ್ಮ ಕಡೆ ಅವನಿಗೆ ಲಿಫ್ಟರ್ ಅಂತಿದ್ದರು. ಚಪ್ಪಾಳೆ ಯಾವಾಗಲೂ ಹೊಡೆದವನಿಗೆ, ಇಟ್ಟವನಿಗೆ ಇಲ್ಲ.

ಓಟದ ಪಂದ್ಯದಲ್ಲಿ 'ಆನ್ ಯುವರ್ ಮಾರ್ಕ್ಸ್, ಸೆಟ್' ಅಂತಾರಲ್ಲ, ಅದು ಮೂರನೆಯದು. ಸಿದ್ಧ ಅಂತ ಅರ್ಥ. ಸೆಟ್ ಅಂದಾಗ ಸೊಂಟ ಎತ್ತಿ ಅಲ್ಲಾಡದೆ ನಿಲ್ಲಬೇಕು. 400 ಮೀಟರ್‌ವರೆಗಿನ ಓಟಕ್ಕೆ ಮಾತ್ರ ಈ ಸೆಟ್. ಅದಕ್ಕಿಂತ ಉದ್ದದ ಓಟದಲ್ಲಿ 'ಆನ್ ಯುವರ್ ಮಾರ್ಕ್ಸ್' ಆದ ಮೇಲೆ ನೇರ ಪಿಸ್ತೂಲಿನ ಸದ್ದು. ನಮ್ಮ ಶಾಲೆಯ ಮೈದಾನಗಳಲ್ಲಿ ಎಲ್ಲ ಓಟಕ್ಕೂ ಸೆಟ್ ಅಂತ ಕೂಗುತ್ತಾರೆ. ಇರಲಿ ಬಿಡಿ.

ಪ್ರಶ್ನೆ: ಮೇಡಂ, ಇಂಟರ್‌ವ್ಯೂನಲ್ಲಿ 'ನೈಟ್ ಶಿಫ್ಟ್ ನನಗೆ ಸೆಟ್ ಆಗಲ್ಲ' ಅನ್ನುವುದನ್ನು ಇಂಗ್ಲಿಷಿನಲ್ಲಿ 'ನೈಟ್ ಶಿಫ್ಟ್ ಈಸ್ ನಾಟ್ ಸೆಟ್ ಫಾರ್ ಮಿ' ಅಂದೆ. ಅವರು ಮುಖ ಮುಖ ನೋಡಿಕೊಂಡರು. ಏನು ತಪ್ಪು? (ಕಲಬುರಗಿ, ಹಾಸ್ಟೆಲ್)

ಉತ್ತರ: ಮಗಳೇ, ಆ ಸೆಟ್ ಇಂಗ್ಲಿಷ್ ಬಟ್ಟೆ ಹಾಕಿಕೊಂಡ ನಮ್ಮೂರ ಪದ. 'ಡಸ್ ನಾಟ್ ಸೂಟ್ ಮಿ' ಅನ್ನಬೇಕಿತ್ತು. ಹೊಂದುವುದಕ್ಕೆ ಅವರು ಸೂಟ್ ಅಂತಾರೆ, ಅಳತೆಗೆ ಕೂಡುವುದಕ್ಕೆ ಫಿಟ್ ಅಂತಾರೆ. ಸೆಟ್ ಎರಡಕ್ಕೂ ಬರುವುದಿಲ್ಲ. 'ಆಲ್ ಸೆಟ್' ಅಂದರೆ ಎಲ್ಲ ತಯಾರಿ ಮುಗಿದಿದೆ ಅಂತ, ಅದನ್ನು ಧಾರಾಳವಾಗಿ ಬಳಸಿ.

ಆದರೆ ಕಲಬುರಗಿಯಲ್ಲಿ ಸೆಟ್ ಬಿಟ್ಟು ಒಂದು ದಿನ ಕಳೆಯುವುದು ಕಷ್ಟ. ನಮ್ಮ ಗಲ್ಲಿಯ ಆಟೋದವರು ಉರ್ದುವಿನಲ್ಲಿ 'ಸೆಟ್ ಕರ್‌ದೋ' ಅಂದರೆ ಕನ್ನಡದವರು 'ಸೆಟ್ ಮಾಡ್ತೀನಿ ಬಿಡ್ರಿ' ಅಂತಾರೆ. ಹೆಣ್ಣು ಗಂಡು ಸೆಟ್ ಆದರು, ಹೊಸ ಚಪ್ಪಲಿ ಕಾಲಿಗೆ ಸೆಟ್ ಆಯಿತು, ಹೊಟ್ಟೆ ಈಗ ಸೆಟ್ ಆಗಿದೆ. ಕಚೇರಿಯಲ್ಲಿ ಒಳಗಿಂದೊಳಗೆ ಏನೋ ನಡೆದರೆ 'ಸೆಟ್ಟಿಂಗ್ ಆಗಿದೆ' ಅಂತೇವೆ. ಆ ಸೆಟ್ಟಿಂಗ್ ಮೊಬೈಲಿನ ಸೆಟ್ಟಿಂಗ್ಸ್ ಅಲ್ಲ ಅಂತ ಯಾರಿಗೂ ಹೇಳಬೇಕಾಗಿಲ್ಲ. ಸಿನಿಮಾ ಪುಟದವರು ಇನ್ನೂ ಮುಂದೆ ಹೋಗಿ 'ಚಿತ್ರ ಸೆಟ್ಟೇರಿತು' ಅಂತ ಬರೆದರು. ಶೂಟಿಂಗ್ ಶುರುವಾಯಿತು ಅಂತ. ಗದ್ದುಗೆ ಏರಿದ ಹಾಗೆ ಸೆಟ್ ಏರುವುದು! ಇದು ಲಂಡನ್ನಿನವರಿಗೆ ತಿಳಿಯದು, ನನಗೆ ಬಹಳ ಇಷ್ಟ.

ಇದನ್ನೆಲ್ಲ ತಪ್ಪು ಇಂಗ್ಲಿಷ್ ಅನ್ನುವವರ ಜೊತೆ ನಾನಿಲ್ಲ. ಕನ್ನಡದಲ್ಲಿ ಮಾತಾಡುವಾಗ ಅದು ಸರಿಯಾದ ಕನ್ನಡ. ಇಂಟರ್‌ವ್ಯೂ ಕೋಣೆಯ ಹೊರಗೆ ಬಿಟ್ಟು ಹೋದರೆ ಸಾಕು.

ಪ್ರಶ್ನೆ: ಕೃಷಿ ಇಲಾಖೆಯ ಕರಪತ್ರದಲ್ಲಿ ಕಬ್ಬಿನ ಬಗ್ಗೆ 'ಸೆಟ್' ಅಂತ ಇದೆ, ಇಂಗ್ಲಿಷಿನಲ್ಲಿ ಎರಡು 'ಟಿ' ಹಾಕಿದ್ದಾರೆ. ಪ್ರಿಂಟಿಂಗ್ ಮಿಸ್ಟೇಕಾ? (ಭಾಲ್ಕಿ)

ಉತ್ತರ: ಅಲ್ಲ, ಸರಿಯಾಗಿಯೇ ಇದೆ. ನಾಟಿ ಮಾಡುವ ಕಬ್ಬಿನ ತುಂಡಿಗೆ ಎರಡು ಟಿ ಇರುವ ಸೆಟ್ ಅಂತಾರೆ. ಎರಡು ಕಣ್ಣಿನ ಸೆಟ್, ಮೂರು ಕಣ್ಣಿನ ಸೆಟ್ ಅಂತ ಕರಪತ್ರದಲ್ಲಿ ಇರಬೇಕು ನೋಡಿ. ನೆಲದಲ್ಲಿ ಊರುವುದು, ಇಡುವುದು ಎಂಬ ಅರ್ಥದ ಮನೆಯದೇ ಇದು.

ಹಾಗೇ ನಮ್ಮ ತೊಗರಿ ಬೆಳೆಗಾರರಿಗೂ ಒಂದು ಮಾತು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು, ಆಮೇಲೆ ಇಂಗ್ಲಿಷ್ ಕರಪತ್ರಗಳೂ ಕೈಗೆ ಬರುತ್ತಿವೆ. ಅದರಲ್ಲಿ 'ಪಾಡ್ ಸೆಟ್' ಅಂತ ಇದ್ದರೆ ಕಾಯಿ ಕಟ್ಟುವುದು. 'ಫ್ಲವರ್ ಡ್ರಾಪ್' ಅಂದರೆ ಹೂ ಉದುರುವುದು. ಔಷಧದ ಡಬ್ಬಿಯ ಮೇಲೆ ಈ ಎರಡರಲ್ಲಿ ಯಾವುದನ್ನು ಹೆಚ್ಚಿಸುತ್ತೇವೆ ಅಂತ ಬರೆದಿದ್ದಾರೆ, ಓದಿಸಿಕೊಂಡು ತಗೊಳ್ಳಿ.

ಪ್ರಶ್ನೆ: ನಾನು ಹೈಸ್ಕೂಲ್ ಹುಡುಗಿ. ಇಂಗ್ಲಿಷ್ ಮೀಡಿಯಂ ಗೆಳತಿಯ ಗಣಿತ ಪುಸ್ತಕದಲ್ಲಿ 'ಎಂಪ್ಟಿ ಸೆಟ್' ಇದೆ. ಒಳಗೆ ಏನೂ ಇಲ್ಲದಿದ್ದರೆ ಅದು ಸೆಟ್ ಹೇಗೆ ಆಗುತ್ತದೆ? (ಚಿಂಚೋಳಿ)

ಉತ್ತರ: ಈ ತಿಂಗಳ ಒಳ್ಳೆಯ ಪ್ರಶ್ನೆ ನಿನ್ನದೇ. ಕನ್ನಡ ಪುಸ್ತಕದಲ್ಲಿ ಇದನ್ನು ಶೂನ್ಯ ಗಣ ಅಂತಾರೆ. ಪಂಪ್‌ಸೆಟ್ಟಿಗೆ ಕನಿಷ್ಠ ಎರಡು ವಸ್ತು ಬೇಕು, ಗಣಿತದ ಸೆಟ್ಟಿಗೆ ಒಂದೂ ಬೇಡ. ಊಟದ ಡಬ್ಬಿ ಖಾಲಿಯಿದ್ದರೂ ಅದು ಡಬ್ಬಿಯೇ ಅಲ್ವಾ? ಒಳಗಿನ ಅನ್ನ ಬೇರೆ, ಡಬ್ಬಿ ಬೇರೆ. ಇಂಥ ಗಣಗಳ ಗಣಿತವನ್ನು ಕಟ್ಟಿದವರು ಜರ್ಮನಿಯ ಜಾರ್ಜ್ ಕ್ಯಾಂಟರ್. 1874ರಲ್ಲಿ ಅವರ ಮೊದಲ ದೊಡ್ಡ ಲೇಖನ ಬಂತು. ಅವರು ಜರ್ಮನ್ನಿನಲ್ಲಿ 'ಮೆಂಗ' ಅಂದರು, ಇಂಗ್ಲಿಷಿನವರು ಸೆಟ್ ಅಂದರು. ಇನ್ನೊಂದು ವಿಷಯ ನಿಮ್ಮ ಗಣಿತದ ಸರ್ ಹತ್ತಿರ ಕೇಳು. ಶೂನ್ಯ ಗಣಕ್ಕೆ ಉಪಗಣ ಎಷ್ಟು? ಉತ್ತರ ಸೊನ್ನೆ ಅಲ್ಲ, ಒಂದು. ಯಾಕೆ ಅಂತ ನೀನೇ ಯೋಚಿಸು.

ಪ್ರಶ್ನೆ: ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಸೆಟ್ ದೋಸೆ ಅಂತ ಎರಡೇ ಕೊಟ್ಟರು. ಸೆಟ್ ಅಂದರೆ ಮೂರು ಅಂತ ನಾನು ಜಗಳ ಮಾಡಿದೆ. ನಾನೇ ಸರಿ ಅಂತ ಬರೆಯಿರಿ. (ಯಾದಗಿರಿ)

ಉತ್ತರ: ಬರೆಯಲಾರೆ ತಮ್ಮಾ. ಸೆಟ್ ಪದದೊಳಗೆ ಯಾವ ಸಂಖ್ಯೆಯೂ ಇಲ್ಲ. ಬಳೆಯ ಸೆಟ್ಟಿನಲ್ಲಿ ಡಜನ್ ಇರಬಹುದು, ಸೋಫಾ ಸೆಟ್ಟಿನಲ್ಲಿ ಮೂರು, ಪಂಪ್‌ಸೆಟ್ಟಿನಲ್ಲಿ ಎರಡು. ದೋಸೆಗೆ ಮೂರು ಅನ್ನುವುದು ಹೋಟೆಲುಗಳ ರೂಢಿ, ಭಾಷೆಯ ಕಾನೂನಲ್ಲ. ಆದರೆ ಬೋರ್ಡಿನ ಮೇಲೆ ಮೂರು ಅಂತ ಬರೆದು ಎರಡು ಕೊಟ್ಟಿದ್ದರೆ ಅದು ಇಂಗ್ಲಿಷ್ ಪಾಠದ ವಿಷಯವೇ ಅಲ್ಲ, ಗಲ್ಲಾದ ಮುಂದೆ ನಿಂತು ಕನ್ನಡದಲ್ಲೇ ಕೇಳಿ.